ಕಯೋಟಿಗೆ ಎತ್ತಿಟ್ಟ ತುತ್ತು

ಮರುಭೂಮಿ ನೋಡಲು ಹೊರಟವರು ಮೊದಲಿಗೆ ನಾಲ್ಕು ಜನ ಹೆಂಗಸರು. ಅಮೆರಿಕದ ಮೇರಿಲ್ಯಾಂಡಿನಲ್ಲಿ, ಲ್ಯಾನ್‌ಹ್ಯಾಮಿನ ದೇವಸ್ಥಾನದಲ್ಲಿ ಪುಳಿಯೋಗರೆ ತಟ್ಟೆ ಹಿಡಿದುಕೊಂಡು ಮೂರು ವರ್ಷ ಬರೀ ಮಾತಾಡಿದ್ದರು. ವ್ಯಾನು ಬಾಡಿಗೆಗೆ ಹಿಡಿಯುವುದು, ಅಟ್ಲಾಂಟಾ ದಾರಿಯಾಗಿ ಅರಿಜೋನಾ ಸೇರುವುದು, ಅಲ್ಲಿನ ಪ್ರಾಣಿ ಪಕ್ಷಿಗಳನ್ನು ಕಣ್ತುಂಬ ನೋಡುವುದು ಎಂದು. ಆಮೇಲೆ ಒಬ್ಬಳಿಗೆ ಮಂಡಿನೋವು ಬಂತು. ಇನ್ನೊಬ್ಬಳ ಗಂಡನಿಗೆ ಎರಡು ವಾರ ಒಬ್ಬನೇ ಇರಲು ಬರುತ್ತಿರಲಿಲ್ಲ. ಉಳಿದವರು ಯಾಮಿನಿ ಮತ್ತು ಶ್ರೀದೇವಿ.

ಶ್ರೀದೇವಿ ಆಗ ಬಾಣಂತನಕ್ಕೆಂದು ಅಟ್ಲಾಂಟಾ ಹತ್ತಿರದ ಕಮ್ಮಿಂಗಿನಲ್ಲಿ ಮಗಳ ಮನೆಯಲ್ಲಿದ್ದಳು. ಎರಡು ಸಾವಿರದ ಇಪ್ಪತ್ತಮೂರರ ಅಕ್ಟೋಬರಿನಲ್ಲಿ ಯಾಮಿನಿ ಮೇರಿಲ್ಯಾಂಡಿನಿಂದ ಇಡೀ ದಿನ ಕಾರು ಓಡಿಸಿ ಅಲ್ಲಿ ಇಳಿದರೆ, ಅವಳು ಹೆಗಲ ಮೇಲೆ ಹತ್ತು ದಿನದ ಕೂಸು ಹಾಕಿಕೊಂಡೇ ಬಾಗಿಲು ತೆಗೆದಳು. ಹೆರಿಗೆ ಡಾಕ್ಟರು ಹೇಳಿದ ದಿನಕ್ಕಿಂತ ಮೂರು ವಾರ ಮೊದಲೇ ಆಗಿತ್ತು. ಬಾ, ನೋಡೋಣ ಅಂತ ಫೋನಿನಲ್ಲಿ ಹೇಳಿದ್ದಳಾದರೂ ಒಂದು ಸೀರೆಯನ್ನೂ ಪ್ಯಾಕ್ ಮಾಡಿರಲಿಲ್ಲ.

"ನೆಕ್ಸ್ಟ್ ಇಯರ್ ಪಕ್ಕಾ ಕಣೇ. ಒಬ್ಬಳೇ ಹೋಗಿ ಏನ್ ಮಾಡ್ತೀಯ? ಇಲ್ಲೇ ಒಂದು ವೀಕ್ ಇದ್ದುಬಿಡು."

"ನಿನ್ನ ಮೊಮ್ಮಗುನ ನೋಡೋಕೆ ಬೈನಾಕ್ಯುಲರ್ ತಂದಿದೀನಾ?" ಎಂದಳು ಯಾಮಿನಿ.

ಇಬ್ಬರೂ ನಕ್ಕರು. ಬೆಳಿಗ್ಗೆ ಶ್ರೀದೇವಿ ಚಟ್ನಿಪುಡಿ, ಉಪ್ಪಿನಕಾಯಿ, ಒಂದು ಡಬ್ಬಿ ಅವಲಕ್ಕಿ ಕಾರಿನಲ್ಲಿಟ್ಟು ಒಳಗೆ ಹೋದಳು. ಯಾಮಿನಿ ಪಶ್ಚಿಮಕ್ಕೆ ಹೊರಟಳು.

ಅವಳಿಗೆ ಅರವತ್ತೆರಡು. ಮದುವೆಯ ಮಾತು ಬರುವುದು ನಿಂತು ಬಹಳ ಕಾಲವಾಗಿತ್ತು. ಮೂವತ್ತು ವರ್ಷ ಮಣ್ಣು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ದುಡಿದು ಆ ವರ್ಷವಷ್ಟೇ ನಿವೃತ್ತಳಾಗಿದ್ದಳು. ಹುಟ್ಟಿದ್ದು ಚಳ್ಳಕೆರೆ ಸೀಮೆಯ ಹಳ್ಳಿಯಲ್ಲಿ. ಹಾಗಾಗಿ ನಾಲ್ಕನೆಯ ದಿನ ಅರಿಜೋನಾದ ಬಯಲು ಕಂಡಾಗ ಅವಳಿಗೆ ಬೆರಗಾಗಲಿಲ್ಲ. ಬಳ್ಳಾರಿ ಜಾಲಿಯ ಜಾತಿಯದೇ ಮುಳ್ಳುಗಿಡ, ಅದೇ ಕೆಂಪು ಗರಸು, ಅದೇ ಒಣಗಾಳಿ. ಮನುಷ್ಯರ ದನಿಯೊಂದು ಇರಲಿಲ್ಲ. ಶಿಬಿರದ ಜಾಗದಲ್ಲಿ ಟೆಂಟು ಹಾಕಲು ಹನ್ನೆರಡು ಕಟ್ಟೆಗಳಿದ್ದವು. ಟೆಂಟು ಇದ್ದದ್ದು ಅವಳದೊಂದೇ.

ಯಾಮಿನಿಯ ಮನೆಯಲ್ಲಿ ಒಂದು ಪದ್ಧತಿ. ಊಟಕ್ಕೆ ಕೂತವರು ಮೊದಲ ತುತ್ತನ್ನು ತಾವು ತಿನ್ನದೆ ಹೊರಗೆ ಎತ್ತಿಡಬೇಕು. ಇರುವೆ ತಿನ್ನಲಿ, ಕಾಗೆ ತಿನ್ನಲಿ, ಬೀದಿನಾಯಿ ತಿನ್ನಲಿ. ಮೇರಿಲ್ಯಾಂಡಿನ ಬಾಲ್ಕನಿಯ ಕಟಕಟೆಯ ಮೇಲೂ ಅವಳು ಅದನ್ನು ತಪ್ಪಿಸಿರಲಿಲ್ಲ. ಕಾಡುಪ್ರಾಣಿಗಳಿಗೆ ಆಹಾರ ಕೊಡಬೇಡಿ ಎಂಬ ಬೋರ್ಡನ್ನು ಓದಿದಳು. ಅದು ಚಿಪ್ಸು ಎಸೆಯುವವರಿಗೆ ಬರೆದದ್ದು, ಮೊಸರನ್ನದ ಒಂದು ತುತ್ತು ಎತ್ತಿಡುವುದು ಅದರೊಳಗೆ ಸೇರುವುದಿಲ್ಲ ಎಂದು ತನ್ನಷ್ಟಕ್ಕೆ ತೀರ್ಮಾನಿಸಿ, ಒಂದು ಚಪ್ಪಡಿ ಕಲ್ಲಿನ ಮೇಲೆ ಇಟ್ಟಳು.

ಮೊದಲ ದಿನ ಕಲ್ಲು ಬೆಳಗಾಗುವಷ್ಟರಲ್ಲಿ ನೆಕ್ಕಿದಂತಿತ್ತು. ಎರಡನೆಯ ಸಂಜೆ, ಅವಳು ಇನ್ನೂ ಉಣ್ಣುತ್ತಿರುವಾಗಲೇ ಅದು ಬಂತು. ತೋಳಕ್ಕಿಂತ ಸಣ್ಣದು, ನರಿಗಿಂತ ಎತ್ತರ, ಎಡಗಿವಿ ಹರಿದ ಕಯೋಟಿ. ದೂರ ನಿಂತು ನೋಡಿತು. ಅವಳೂ ಅಲ್ಲಾಡದೆ ನೋಡಿದಳು. ಮಾರನೆಯ ದಿನ ಹತ್ತಿರ ಬಂದು ಕೂತಿತು. ಅಲ್ಲಿಂದ ಮುಂದೆ ಯಾಮಿನಿ ಹಸಿವಾದಾಗ ಉಣ್ಣುವುದನ್ನು ಬಿಟ್ಟು, ಅದು ಬರುವ ಹೊತ್ತಿಗೆ ಉಣ್ಣತೊಡಗಿದಳು. ತುತ್ತು ಎರಡಾಯಿತು. ಇವತ್ತು ಉಪ್ಪು ಸ್ವಲ್ಪ ಜಾಸ್ತಿ, ಸುಧಾರಿಸಿಕೋ ಎಂದು ಅದರೊಡನೆ ಮಾತೂ ಆಡಿದಳು. ದಿನವಿಡೀ ಬಾಯಿಂದ ಹೊರಟ ಮಾತು ಅಷ್ಟೇ ಇರುತ್ತಿತ್ತು. ಗುಡ್ಡ ಹತ್ತಿದರೆ ಸಿಗ್ನಲ್ ಸಿಗುತ್ತಿತ್ತು. ಅಲ್ಲಿಂದ ಶ್ರೀದೇವಿಗೆ ಹೇಳಿದರೆ, "ನರಿ ಮುಖ ನೋಡಿದ್ದೀಯ ಬಿಡು, ಲಕ್ಕಿ," ಎನ್ನುವಷ್ಟರಲ್ಲಿ ಕೂಸು ಅತ್ತು ಫೋನು ಕಟ್ಟಾಯಿತು.

ಆರನೆಯ ದಿನ ಮಧ್ಯಾಹ್ನ ರೇಂಜರ್ ಬಂದಳು. ಬಿಸಿಲಿಗೆ ಮುಖ ಸುಕ್ಕಾದ ಹೆಂಗಸು. ಕಲ್ಲಿನ ಸುತ್ತಲಿನ ಹೆಜ್ಜೆಗಳನ್ನೂ, ಕಲ್ಲಿಗಂಟಿದ ಅಗುಳುಗಳನ್ನೂ ಬಗ್ಗಿ ನೋಡಿದಳು. ಯಾಮಿನಿ ಸುಳ್ಳು ಹೇಳಲಿಲ್ಲ. ತನ್ನ ಮನೆಯ ಪದ್ಧತಿಯನ್ನು ವಿವರಿಸಿದಳು. ಆ ಹೆಂಗಸು ಕೊನೆಯವರೆಗೂ ಕೇಳಿದಳು, ಗದರಲಿಲ್ಲ. ಹಿಂದಿನ ವರ್ಷ ಹೀಗೇ ಅಭ್ಯಾಸವಾದ ಒಂದು ಕಯೋಟಿ ಮಗುವಿನ ಹಿಮ್ಮಡಿಗೆ ಬಾಯಿ ಹಾಕಿತು, ಅದನ್ನು ಗುಂಡಿಕ್ಕಿ ಕೊಲ್ಲಬೇಕಾಯಿತು ಎಂದಳು.

"ನೀವು ನಾಳೆ ಹೊರಟುಹೋಗ್ತೀರಿ. ಅದು ಮುಂದಿನ ಟೆಂಟಿಗೆ ಹೋಗುತ್ತೆ," ಎಂದಳು. ಇವತ್ತು ಸಂಜೆಯೇ ಅದಕ್ಕೆ ಮನುಷ್ಯರ ಭಯ ಹುಟ್ಟಿಸಬೇಕು, ಕೂಗಬೇಕು, ಕಲ್ಲು ಬೀರಬೇಕು. ಬೆಳಿಗ್ಗೆ ತಾನು ಬಂದಾಗಲೂ ಇಲ್ಲೇ ಸುಳಿಯುತ್ತಿದ್ದರೆ ಬೋನು ತರಿಸದೆ ದಾರಿಯಿಲ್ಲ, ಬೋನಿಗೆ ಬಿದ್ದದ್ದನ್ನು ಯಾರೂ ಸಾಕುವುದಿಲ್ಲ ಎಂದಳು. ಆ ಕೆಲಸ ತಾನು ಮಾಡಿದರೆ ಪ್ರಯೋಜನವಿಲ್ಲವಂತೆ. ಅನ್ನ ಇಟ್ಟವರೇ ಮಾಡಬೇಕಂತೆ.

ಯಾಮಿನಿ ಆ ಸಂಜೆ ಅನ್ನಕ್ಕಿಡಲಿಲ್ಲ. ಮುಷ್ಟಿ ಗಾತ್ರದ ಕಲ್ಲುಗಳನ್ನು ಆಯ್ದು ಕಾಲ ಬಳಿ ಗುಡ್ಡೆ ಹಾಕಿಕೊಂಡಳು. ಬಿಸಿಲು ಇಳಿಯುವ ಹೊತ್ತಿಗೆ ಅದು ಬಂತು. ಯಾವತ್ತಿನ ಜಾಗದಲ್ಲಿ ಕೂತು, ಅವಳ ಕೈಯನ್ನೇ ನೋಡಿತು.

"ಹೋಗು," ಎಂದಳು. ದನಿ ದಿನಾ ಮಾತಾಡಿಸುವ ದನಿಯಂತೆಯೇ ಹೊರಟಿತು. ಅದು ಒಳ್ಳೆಯ ಕಿವಿಯನ್ನು ನಿಮಿರಿಸಿತು.

ಮೊದಲ ಕಲ್ಲನ್ನು ಅದರ ಮುಂದೆ ಬೀಳುವಂತೆ ಎಸೆದಳು. ಕಯೋಟಿ ಹೆದರಲಿಲ್ಲ. ಎದ್ದು ಬಂದು ಕಲ್ಲನ್ನು ಮೂಸಿತು, ಒಮ್ಮೆ ನೆಕ್ಕಿತು. ಆ ಕೈಯಿಂದ ಇಷ್ಟು ದಿನ ಬಂದದ್ದೆಲ್ಲ ಅನ್ನವೇ. ಮತ್ತೆ ತಲೆಯೆತ್ತಿ ಅವಳನ್ನು ನೋಡಿತು.

ಯಾಮಿನಿ ಎರಡನೆಯ ಕಲ್ಲನ್ನು ಎತ್ತಿಕೊಂಡಳು. ಈ ಸಲ ಪಕ್ಕೆಗೇ ಗುರಿಯಿಟ್ಟು ಬೀಸಿದಳು. ದಪ್ಪೆಂದು ತಾಗಿತು. ಅದು ಕುಂಯ್ ಎಂದು ಹಾರಿ, ಹತ್ತು ಮಾರು ಓಡಿ ನಿಂತು, ಎಲ್ಲೋ ತಪ್ಪಾಗಿರಬೇಕು ಎನ್ನುವಂತೆ ತಿರುಗಿ ನೋಡಿತು. ಎರಡು ಹೆಜ್ಜೆ ವಾಪಸು ಕೂಡ ಬಂತು. ಆಗ ಅವಳು ಎರಡೂ ಕೈಗೆ ಕಲ್ಲು ತೆಗೆದುಕೊಂಡು, ಹೊಲಕ್ಕೆ ನುಗ್ಗಿದ ಹಂದಿಯನ್ನು ಅಟ್ಟುವವರಂತೆ ಹೋಯ್ ಹೋಯ್ ಎಂದು ಕೂಗುತ್ತ, ಮುಳ್ಳುಗಿಡಗಳ ನಡುವೆ ಅದರ ಮೇಲೇ ಓಡಿದಳು. ಒಂದು ಕಲ್ಲು ತಪ್ಪಿತು. ಒಂದು ಹಿಂಗಾಲಿಗೆ ಬಿತ್ತು.

ದಿಬ್ಬದ ಮೇಲೆ ಅದು ಕೊನೆಯದಾಗಿ ನಿಂತಿತು. ಯಾಮಿನಿಗೆ ಏದುಸಿರು ಬರುತ್ತಿತ್ತು, ಕೈಯಲ್ಲಿ ಕಲ್ಲೂ ಉಳಿದಿರಲಿಲ್ಲ. ಬರಿಗೈಯನ್ನೇ ಮೇಲೆತ್ತಿದಳು.

ಕೈ ಎದ್ದದ್ದಷ್ಟೇ ಸಾಕಾಯಿತು. ಕಯೋಟಿ ಬಾಲ ಮುದುರಿಕೊಂಡು ದಿಬ್ಬದಾಚೆ ಓಡಿಹೋಯಿತು. ಎತ್ತಿದ ಕೈಯನ್ನು ಅವಳು ಬಹಳ ಹೊತ್ತು ಇಳಿಸಲಿಲ್ಲ.