ರಸ್ತೆಗೆ ಹಾಕಿದ ಹುರುಳಿ

ಮುಂದಿನ ಲಾರಿಯ ಹಿಂಬದಿಗೆ ದೃಷ್ಟಿ ತಾಗದಿರಲೆಂದು ಕಟ್ಟಿದ್ದ ಹಳೇ ಚಪ್ಪಲಿ ಅಲ್ಲಾಡುವುದು ನಿಂತಿತು, ಇಷ್ಟು ಹೊತ್ತು ತೊಟ್ಟಿಲಿನ ಹಾಗೆ ಅತ್ತಿತ್ತ ತೂಗುತ್ತಿದ್ದದ್ದು ಈಗ ನೆಟ್ಟಗೆ ನೆಲ ನೋಡುತ್ತಿದೆ, ಬಸ್ಸೂ ನಿಂತಿದೆ, ಇಂಜಿನ್ನಿನ ಗುರುಗುಡುವಿಕೆ ಮಾತ್ರ ಸರ್ವಮಂಗಳಾಳ ಅಂಗಾಲಿನಿಂದ ಮಂಡಿಯವರೆಗೆ ಹತ್ತಿ ಬರುತ್ತಿದೆ — ತಾವರೆಕೆರೆಯಲ್ಲಿ ಹತ್ತಿದಾಗಿನಿಂದ ಅವಳು ಆ ಚಪ್ಪಲಿಯೊಂದನ್ನೇ ನೋಡುತ್ತಾ ಬಂದಳು, ಅಕ್ಕಪಕ್ಕ ನೋಡಿದರೆ ಯಾರಾದರೂ ಗುರುತಿನವರು ಸಿಕ್ಕಾರು, ಸಿಕ್ಕರೆ ಕೇಳಿಯೇ ಕೇಳುತ್ತಾರೆ, ಎಲ್ಲಿಗೆ ಸರ್ವಕ್ಕ ಇಷ್ಟು ಬೆಳಿಗ್ಗೆ, ಅದೂ ರೇಷ್ಮೆ ಸೀರೆ ಉಟ್ಕಂಡು. ಸೀರೆಯ ಮೇಲೆ ಸ್ವೆಟರು, ಸ್ವೆಟರಿನ ಮೇಲೆ ಶಾಲು, ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗಾಯಿತು ಇದು, ಶಾಲಿನ ಕೆಳಗಿನಿಂದ ಜರಿ ಅಂಚು ಇಣುಕುತ್ತಲೇ ಇದೆ, ನಲವತ್ತೇಳು ವರ್ಷದ ಹೆಂಗಸು, ಮಗಳನ್ನು ಕೊರಟಗೆರೆಗೆ ಕೊಟ್ಟು ಅತ್ತೆ ಅನ್ನಿಸಿಕೊಂಡವಳು, ಗಂಡ ರೇಣುಕಪ್ರಸಾದ್ ತೀರಿಕೊಂಡು ಒಂಬತ್ತು ವರ್ಷ, ಇವತ್ತು ಹನ್ನೊಂದೂವರೆಗೆ ಶಿರಾದ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ತನ್ನದೇ ಮದುವೆಗೆ ಒಬ್ಬಳೇ ಬಸ್ಸಿನಲ್ಲಿ ಹೊರಟಿದ್ದಾಳೆ, ದಿಬ್ಬಣವೂ ಅವಳೇ, ಮದುವಣಗಿತ್ತಿಯೂ ಅವಳೇ.

ಹೈವೇಯಿಂದ ಊರಿಗೆ ತಿರುಗುವ ಗೇಟಿನಲ್ಲೇ ಹತ್ತಬಹುದಿತ್ತು, ಹೊನ್ನಗುಂಡಿ ಗೇಟಿನಲ್ಲಿ ಕೈ ತೋರಿಸಿದರೆ ಎಲ್ಲ ಬಸ್ಸೂ ನಿಲ್ಲುತ್ತದೆ, ಆದರೆ ಅಲ್ಲಿ ಭಾವ ಪರ್ವತಯ್ಯನವರ ಚಿಲ್ಲರೆ ಅಂಗಡಿ, ಅಂಗಡಿ ಮುಂದಿನ ಬೆಂಚು, ಬೆಂಚಿನ ಮೇಲೆ ಊರಿನ ಅರ್ಧ ಕಣ್ಣುಗಳು, ಅದಕ್ಕೇ ಹೊಲದ ಬದುವಿನಲ್ಲಿ ಹಿಂದಕ್ಕೆ ನಡೆದು ತಾವರೆಕೆರೆಗೆ ಹೋಗಿ ಅಲ್ಲಿಂದ ಹತ್ತಿದ್ದು, ಮುಂದಕ್ಕೆ ಹೋಗಬೇಕಾದವಳು ಹಿಂದಕ್ಕೆ ಮೂರು ಮೈಲಿ. ಅಷ್ಟೂ ಸಾಲದೆ ಹುರುಳಿ. ಸೂರ್ಯ ಹುಟ್ಟುವ ಹೊತ್ತಿಗೇ ಎದ್ದು ಕಿತ್ತು ಒಣಗಿಸಿದ್ದ ಹುರುಳಿ ಗಿಡವನ್ನೆಲ್ಲ ಹೊತ್ತು ಹೊತ್ತು ತಂದು ಸರ್ವೀಸ್ ರಸ್ತೆಗೆ ಹರಡಿದಳು, ಅಲ್ಲಿ ಊರವರೆಲ್ಲ ಹರಡುವುದೇ, ಓಡಾಡುವ ಟ್ರ್ಯಾಕ್ಟರು ಗಾಡಿಗಳೇ ತುಳಿದು ಕಾಳು ಬಿಡಿಸಿಕೊಡುತ್ತವೆ, ಕಣ ಮಾಡುವ ರಗಳೆಯೇ ಇಲ್ಲ, ಆದರೆ ಇವತ್ತು ಹರಡಿದ್ದು ಕಾಳಿಗಲ್ಲ ಕಣ್ಣಿಗೆ, ರಸ್ತೆಗೆ ಹುರುಳಿ ಹಾಕಿದವಳು ಅದನ್ನು ಬಿಟ್ಟು ಮದುವೆಗೆ ಹೋಗುತ್ತಾಳೆಂದು ಯಾವ ಶಿವ ಊಹಿಸುತ್ತಾನೆ, ಇಲ್ಲೇ ಎಲ್ಲೋ ಇದ್ದಾಳೆ ಅಂದುಕೊಳ್ಳುತ್ತಾರೆ ಅಷ್ಟೇ. ಪಕ್ಕದ ಮನೆ ಭೀಮಕ್ಕ ಕುರಿ ಹೊಡೆದುಕೊಂಡು ಬಂದವಳು ಕೇಳಿದಳು, ಏನ್ ಸರ್ವಕ್ಕ ಇಷ್ಟೊತ್ಗೇ ಹಾಕ್ಬುಟ್ಟಿದ್ದೀಯ, ಡೈರಿಗೆ ಹೋಗಿ ಬರ್ತೀನಿ ಕಣೇ, ನಿನ್ ಕುರಿ ಬಾಯಿ ಹಾಕದಂಗೆ ನೋಡ್ಕೋ, ಎಂದಳು ಸರ್ವಮಂಗಳಾ. ಸುಳ್ಳು ಎಷ್ಟು ಸಲೀಸಾಗಿ ಬಂತು. ಗುರುತಿಗೆ ಕೋಲು ನೆಡಲು ಹೋದರೆ ಕೆಂಪು ಬಟ್ಟೆ ಸಿಗಲಿಲ್ಲ, ಅವಸರದಲ್ಲಿ ಕೈಗೆ ಸಿಕ್ಕ ಹಳದಿ ಟವೆಲ್ಲನ್ನೇ ಕೋಲಿನ ತುದಿಗೆ ಕಟ್ಟಿ ಕಲ್ಲು ಆನಿಸಿ ನಿಲ್ಲಿಸಿದಳು, ಕಟ್ಟಿದ ಮೇಲೆ ನೋಡಿದರೆ ಅದು ಅವರ ಟವೆಲ್ಲು, ತುದಿಯಲ್ಲಿ ಕಂದು ವಾರ್ನಿಷ್ ಕಲೆ.

ಅವರು ಅಂದರೆ ವೀರಭದ್ರಯ್ಯ, ಶಿರಾದಲ್ಲಿ ಮೋಟರ್ ವೈಂಡಿಂಗ್ ಅಂಗಡಿ, ಎರಡು ವರ್ಷದ ಹಿಂದೆ ಅವಳ ಬೋರಿನ ಮೋಟರ್ ಸುಟ್ಟಾಗ ಬಂದವರು, ಕೆಲಸ ಮುಗಿಸಿ ಕೈ ಒರೆಸಿ ಟವೆಲ್ಲನ್ನು ಪಂಪಿನ ಮನೆ ಬಾಗಿಲ ಮೇಲೆ ಮರೆತು ಹೋದರು, ಕೊಡೋಣ ಕೊಡೋಣ ಅಂತಲೇ ಅವಳು ಕೊಡಲಿಲ್ಲ, ಅವರೂ ಕೇಳಲಿಲ್ಲ, ಮತ್ತೆ ಮತ್ತೆ ಮೋಟರ್ ನೋಡಲು ಬಂದರು, ಚೆನ್ನಾಗಿದ್ದ ಮೋಟರ್ ಅನ್ನು. ಹೆಂಡತಿ ಹೋಗಿ ಹತ್ತು ವರ್ಷವಾಗಿತ್ತಂತೆ, ಅನ್ನ ಮಾಡಿಕೊಳ್ಳೋದು ಬರುತ್ತೆ, ಮಾತಾಡಿಕೊಳ್ಳೋದು ಬರಲ್ಲ ನೋಡಿ ಒಬ್ಬನೇ, ಎಂದಿದ್ದರು ಒಂದು ದಿನ ನೀರಿನ ತೊಟ್ಟಿ ಕಡೆ ನೋಡುತ್ತಾ, ಅವಳು ಆವತ್ತು ರಾತ್ರಿಯ ಅಡುಗೆಗೆ ಉಪ್ಪು ಎರಡು ಸಲ ಹಾಕಿದ್ದಳು. ಮಠದಲ್ಲಿ ಮಾಡಿದರೆ ಊರಿಗೆ ಗೊತ್ತಾಗುತ್ತದೆ, ಆಫೀಸಿನಲ್ಲೇ ಆಗಲಿ ಅಂದವಳು ಅವಳೇ, ನೋಟಿಸು ಕೊಟ್ಟು ಮೂರು ತಿಂಗಳೊಳಗೆ ಸಹಿ ಆಗಬೇಕು, ಮೊದಲ ಸಲ ಹೊರಟವಳು ಕರುವಿಗೆ ಜ್ವರ ಎಂದು ನಿಂತಳು, ಎರಡನೇ ಸಲ ಬಸ್ಸಿನಲ್ಲಿ ಅರ್ಧ ದಾರಿ ಹೋಗಿ ಇಳಿದು ಎದುರು ಬಸ್ಸು ಹತ್ತಿ ವಾಪಸ್ಸು ಬಂದಳು, ಇವತ್ತು ಕಡೇ ದಿನ, ತಪ್ಪಿದರೆ ಮತ್ತೆ ಅರ್ಜಿ, ಮತ್ತೆ ಆಫೀಸಿನ ನೋಟಿಸ್ ಬೋರ್ಡಿನ ಮೇಲೆ ಹೆಸರು, ಮತ್ತೆ ಮೂವತ್ತು ದಿನ ಯಾರು ಓದಿಬಿಡುತ್ತಾರೋ ಎಂಬ ನಡುಕ, ಅಷ್ಟು ಧೈರ್ಯ ಇನ್ನೊಂದು ಸಲ ತನಗೆ ಬರುವುದಿಲ್ಲವೆಂದು ಅವಳಿಗೆ ಗೊತ್ತು. ಅವರು ಎರಡು ಸಲವೂ ಏನೂ ಅನ್ನಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

ಗಂಟೆ ಹತ್ತು ದಾಟಿತು, ಚಪ್ಪಲಿ ಅಲ್ಲಾಡಲಿಲ್ಲ. ಬಸ್ಸಿನಲ್ಲಿ ಎಲ್ಲರೂ ಕಾರಣ ಹುಡುಕುತ್ತಿದ್ದಾರೆ, ಲಾರಿ ಪಲ್ಟಿಯಂತೆ, ಅಲ್ಲ ಟೋಲಿನಲ್ಲಿ ಜಗಳವಂತೆ, ಮಂತ್ರಿ ಬರ್ತಾವ್ರಂತೆ, ಪಕ್ಕದಲ್ಲಿ ಕೂತ ಮುದುಕಪ್ಪ ಮಾತ್ರ ನಗುತ್ತಿದ್ದಾನೆ, ಹೆಸರು ಓಬಳಯ್ಯನಂತೆ, ಮೂವತ್ತು ವರ್ಷ ಲಾರಿ ಓಡಿಸಿದವನಂತೆ, ಕೇಳದೆಯೇ ಹೇಳುತ್ತಿದ್ದಾನೆ, ಜಾಮಿಗೆ ಅಂತಾ ದೊಡ್ಡ ಕಾರಣ ಬೇಕಾಗಿಲ್ಲ ಕಣವ್ವ, ಅಕ್ಕಡೆ ರೋಡಲ್ಲಿ ಆಕ್ಸಿಡೆಂಟ್ ಆದ್ರೆ ಇಕ್ಕಡೆಯವ್ರು ನೋಡಕ್ಕೆ ಅಂತ ನಿಧಾನ ಮಾಡ್ತಾರೆ, ಅದೂ ಜಾಮೇ, ಒಬ್ಬ ಟ್ರ್ಯಾಕ್ಟರ್‌ನೋನು ಒಂದು ಫರ್ಲಾಂಗು ಉಳಿಸಕ್ಕೆ ರಾಂಗ್ ಸೈಡಲ್ಲಿ ಬತ್ತಾನೆ, ಅದೂ ಜಾಮೇ, ಮುಂದೆ ಒಬ್ಬ ಹೆದರ್ಕಂಡು ಸುಮ್ನೆ ಬ್ರೇಕ್ ಒತ್ತಿದ ಅಂದ್ಕೋ, ಅವನು ಒಂಟೋಗಿರ್ತಾನೆ, ಹಿಂದೆ ನೂರು ಗಾಡಿ ಅರ್ಧ ಗಂಟೆ ಒದ್ದಾಡ್ತಾವೆ. ಹೆದರಿಕೊಂಡು ಸುಮ್ಮನೆ ಬ್ರೇಕ್ ಒತ್ತಿದವನು — ಕರುವಿಗೆ ಎಲ್ಲಿತ್ತು ಜ್ವರ, ಮೂಗು ಮುಟ್ಟಿ ನೋಡಿದ್ದಳು, ಒದ್ದೆಯಾಗಿ ತಣ್ಣಗಿತ್ತು. ಇವತ್ತು ಬೆಳಿಗ್ಗೆ ಏಳರಿಂದ ಸೇತುವೆ ಕೆಲ್ಸಕ್ಕೆ ಮೇನ್ ರೋಡು ಬಂದ್ ಮಾಡಿ ಎಲ್ಲಾನೂ ಸರ್ವೀಸ್ ರೋಡಿಗೆ ಬುಟ್ಟವ್ರೆ, ಅಂದ ಓಬಳಯ್ಯ, ಹೊನ್ನಗುಂಡಿ ಗೇಟ್ ಹತ್ರ, ಅದಕ್ಕೇ ಇರ್ಬೇಕು. ಸರ್ವಮಂಗಳಾ ಹುರುಳಿಯ ನೆನಪನ್ನು ಹತ್ತಿರ ಬಿಡದೆ ಮತ್ತೆ ಆ ಚಪ್ಪಲಿಗೇ ಕಣ್ಣು ನೆಟ್ಟಳು.

ಫೋನು ಬಡಿದುಕೊಂಡಿತು, ಅವರೇ, ಎಲ್ಲಿದ್ದೀರಿ ಎಂದರು, ಬಸ್ಸಲ್ಲೇ ಇದ್ದೀನಿ, ಜಾಮ್ ಆಗಿದೆ, ಎಂದಳು, ಅಂದ ಮೇಲೆ ಆ ಮಾತು ಅವಳ ಕಿವಿಗೇ ಸುಳ್ಳಿನ ಹಾಗೆ ಕೇಳಿತು, ಕರುವಿಗೆ ಜ್ವರ ಅನ್ನುವ ದನಿಯೇ ಇದು, ಅದೇ ಗಂಟಲು, ನಿಜ ಕಣ್ರೀ ಜಾಮ್ ಆಗಿದೆ ಅನ್ನಬೇಕು ಅನ್ನಿಸಿತು, ನಿಜ ಅಂದರೆ ಇನ್ನೂ ಸುಳ್ಳಾಗುತ್ತದೆ, ಆಯ್ತು ಬಿಡಿ, ಎಂದು ಅವರು ಫೋನಿಟ್ಟರು. ಆಯ್ತು ಬಿಡಿ ಅಂದರೆ ಏನು, ಪರವಾಗಿಲ್ಲ ಅಂತಲೋ, ಇಲ್ಲಿಗೆ ಸಾಕು ಅಂತಲೋ. ಇಪ್ಪತ್ತು ನಿಮಿಷ ಬಿಟ್ಟು ಮಗಳು ಭವ್ಯ, ಸಾಕ್ಷಿಗೆ ಸಹಿ ಹಾಕಲು ಗಂಡನನ್ನೂ ಕರೆದುಕೊಂಡು ಕೊರಟಗೆರೆಯಿಂದ ಮಧುಗಿರಿ ಮೇಲೆ ಬೆಳಿಗ್ಗೆಯೇ ಶಿರಾಕ್ಕೆ ಬಂದು ಕೂತಿರುವವಳು, ಅಮ್ಮಾ ನೀನು ಬರ್ತಿದ್ದೀಯ ತಾನೆ, ಅವರು ಏನೂ ಹೇಳ್ದೆ ಗಾಡಿ ತಗೊಂಡು ಹೋಗ್ಬಿಟ್ರು, ಮುಖ ಒಂಥರಾ ಇತ್ತು, ಅಮ್ಮಾ, ಇವತ್ತು ಮಾತ್ರ ವಾಪಸ್ ಹೋಗ್ಬೇಡ. ಈ ಮಗಳಿಗೆ ಹೇಳುವುದಕ್ಕೆ ಅವಳು ಆರು ತಿಂಗಳು ಹೆದರಿದ್ದಳು, ಹೇಳಿದ ದಿನ ಭವ್ಯ ಫೋನಿನಲ್ಲೇ ಅತ್ತು, ಅತ್ತು ಮುಗಿಸಿ, ಸೀರೆ ಯಾವ್ದು ಉಡ್ತೀಯ ಎಂದು ಕೇಳಿದ್ದಳು. ಹೋಗಿಬಿಟ್ಟರಂತೆ. ಎಷ್ಟು ಸಲ ಅಂತ ಕಾಯುತ್ತಾನೆ ಒಬ್ಬ ಮನುಷ್ಯ, ಮೋಟರ್ ಆದರೂ ಮೂರನೇ ಸಲ ಸುಟ್ಟರೆ ಎತ್ತಿ ಬಿಸಾಕುತ್ತಾರೆ, ಕಿಟಕಿಯ ಗಾಜು ತಣ್ಣಗಿದೆ, ಹಣೆ ಆನಿಸಿದರೆ ಇಂಜಿನ್ನಿನ ನಡುಕ ತಲೆಯೊಳಗೇ ಬರುತ್ತದೆ, ಅಳು ಬಂದರೂ ನಡುಕವೆಂದೇ ಅಂದುಕೊಳ್ಳಬಹುದು.

ಕಂಡಕ್ಟರ್ ಮುಂದೆ ಹೋಗಿ ನೋಡಿಕೊಂಡು ಬಂದ, ಫುಟ್‌ಬೋರ್ಡಿನ ಮೇಲೆ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದ, ಯಾವಳೋ ರೋಡಿಗೆ ಹುರುಳಿ ಹಾಕವ್ಳೆ ಕಣ್ರಪ್ಪ, ಕಾರೊಂದಕ್ಕೆ ಬಳ್ಳಿ ಕೆಳಗೆ ಸುತ್ಕಂಡು ಹೊಗೆ ಬಂದ್ಬುಟ್ಟದೆ, ಯಾರಿಗೂ ಏನೂ ಆಗಿಲ್ಲ, ಕಾರು ಅಡ್ಡ ನಿಂತದೆ, ಪಕ್ಕ ಹೋಗ್ತೀನಿ ಅಂತ ಲಾರಿಯೋನು ಮಣ್ಣಲ್ಲಿ ಊತ್ಕಂಡವ್ನೆ, ಹುರುಳಿಯೋಳು ಪತ್ತೆನೇ ಇಲ್ಲ. ಅವಳ ಮನೆ ಹಾಳಾಗ, ಎಂದಳು ಹಿಂದಿನ ಸೀಟಿನ ಹೆಂಗಸು, ಇಂತೋರಿಗೆ ಫೈನ್ ಹಾಕ್ಬೇಕು, ಎಂದ ಇನ್ನೊಬ್ಬ, ಸರ್ವಮಂಗಳಾ ಶಾಲನ್ನು ಮುಖದವರೆಗೆ ಎಳೆದುಕೊಂಡಳು, ಮಾಡಿದ್ದುಣ್ಣೋ ಮಹರಾಯ, ಊರಿನ ಕಣ್ಣು ಕಟ್ಟಲು ಹಾಕಿದ ಹುರುಳಿ ತನ್ನ ಕಾಲಿಗೇ ಸುತ್ತಿಕೊಂಡಿತು, ಊರಿನ ಗೇಟಿನಲ್ಲೇ ಹತ್ತಿದ್ದರೆ ಇಷ್ಟು ಹೊತ್ತಿಗೆ ಶಿರಾದಲ್ಲಿ ಮಗಳು ತಲೆಗೆ ಹೂ ಮುಡಿಸುತ್ತಿರುತ್ತಿದ್ದಳು. ನಗು ಬಂತು, ಕೆಟ್ಟ ನಗು, ಇಳಿದು ವಾಪಸ್ಸು ಹೋಗಬಹುದು, ಬದು ಹಿಡಿದು ಹಿತ್ತಿಲ ಬಾಗಿಲಿಂದ ಒಳಗೆ ಸೇರಿ ಸೀರೆ ಮಡಿಸಿಟ್ಟು ಹಳೇ ಸೀರೆ ಉಟ್ಟು, ಅಯ್ಯೋ ಡೈರಿಗೆ ಹೋಗಿದ್ದೆ ಎಂದು ಓಡಿಬಂದರೆ ಮುಗಿಯಿತು, ಯಾರಿಗೂ ಗೊತ್ತಾಗುವುದಿಲ್ಲ, ಸಂಜೆ ಕರುವಿಗೆ ಬೂಸಾ, ನಾಳೆ ಡೈರಿ, ಮೋಟರ್ ಹಾಳಾದರೆ ಬೇರೆ ಯಾರನ್ನೋ ಕರೆಯುವುದು. ಕೋಲಿನ ಮೇಲಿನ ಹಳದಿ ಟವೆಲ್ಲು ಕಣ್ಣ ಮುಂದೆ ಬಂತು, ಅಲ್ಲೇ ಇದೆಯೋ ಯಾರಾದರೂ ಕಿತ್ತು ಬಿಸಾಡಿದರೋ, ಗಾಡಿಗಳು ತುಳಿದವೋ, ಅದನ್ನು ಗಾಡಿ ತುಳಿಯಬಾರದು ಅನ್ನಿಸಿತು ಅವಳಿಗೆ, ಹುರುಳಿ ಹೋಗಲಿ, ಅದನ್ನು ತುಳಿಯಬಾರದು.

ಹುರುಳಿ ನಂದು, ಎಂದಳು. ಯಾರಿಗೆ ಹೇಳಿದಳೋ, ಓಬಳಯ್ಯ ತಿರುಗಿ ನೋಡಿದ, ಹಿಂದಿನ ಹೆಂಗಸು ಬಾಯಿ ಮುಚ್ಚಿದಳು, ಹಾಗಾದ್ರೆ ಇಳಿದು ತೆಗಿಯೋಗವ್ವ ತಾಯಿ, ನಿನ್ನಿಂದ ನಿಂತದ್ದು ನಿನ್ನಿಂದ್ಲೇ ಬಿಡ್ಬೇಕು, ಎಂದ ಓಬಳಯ್ಯ ಕಾಲು ಸರಿಸಿ ದಾರಿ ಬಿಡುತ್ತಾ. ಇಳಿದಳು, ಶಾಲು ಸೀಟಿನಲ್ಲೇ ಉಳಿಯಿತು, ಯಾರೋ ಕಿಟಕಿಯಿಂದ ಕೂಗಿ ಕೊಟ್ಟರು, ಅವಳು ಅದನ್ನು ಹೊದೆಯಲಿಲ್ಲ, ಹೆಗಲಿಗೆ ಹಾಕಿಕೊಂಡು ನಡೆದಳು, ಚಪ್ಪಲಿ ಕಟ್ಟಿದ ಲಾರಿ ದಾಟಿ, ಕಡಲೆಕಾಯಿ ಮೂಟೆಯ ಟೆಂಪೋ ದಾಟಿ, ಹಾರ್ನು, ಡೀಸೆಲ್ ಹೊಗೆ, ತುಳಿಸಿಕೊಂಡ ಹುರುಳಿಯ ಒಣ ಹಸಿರು ವಾಸನೆ, ಜರಿ ಅಂಚು ಧೂಳಿನಲ್ಲಿ ಎಳೆದಾಡುತ್ತಿದೆ, ಎಳೆದಾಡಲಿ, ಬಿಸಿಲು ಮೈಗೆ ಹಿತವಾಗಿದೆ, ಎಷ್ಟು ವರ್ಷವಾಯಿತು ಈ ಬಣ್ಣದ ಸೀರೆ ಉಟ್ಟು ಹಗಲಿನಲ್ಲಿ ನಡೆದು, ಒಂಬತ್ತು. ಕಾಲು ನಿಲ್ಲುತ್ತಿಲ್ಲ, ಅವರು ಹೋಗಿದ್ದರೆ ಹೋಗಿರಲಿ, ಅಂಗಡಿಗೇ ಹೋಗಿ ಎದುರು ನಿಂತು ಹೇಳುತ್ತೇನೆ, ಕರುವಿಗೆ ಜ್ವರ ಇರಲಿಲ್ಲ ಅಂತ, ಹೆದರಿಕೆ ಇತ್ತು ಅಂತ, ನೋಟಿಸು ಮತ್ತೆ ಹಾಕಿಸಿ ಅಂತ, ಬೋರ್ಡಿನ ಮೇಲೆ ಮೂವತ್ತು ದಿನ ಯಾರು ಬೇಕಾದರೂ ಓದಿಕೊಳ್ಳಲಿ, ಓದು ಬಾರದವರಿಗೆ ನಾನೇ ಓದಿ ಹೇಳುತ್ತೇನೆ.

ಗೇಟಿನ ಹತ್ತಿರ ಊರೇ ನೆರೆದಿದೆ, ಭೀಮಕ್ಕ ಹುರುಳಿ ಬಳ್ಳಿಯನ್ನು ತಬ್ಬಿ ತಬ್ಬಿ ಪಕ್ಕಕ್ಕೆ ಹಾಕುತ್ತಿದ್ದವಳು ಸೊಂಟ ನೆಟ್ಟಗೆ ಮಾಡಿ ಕಣ್ಣು ಅಗಲಿಸಿದಳು, ಡೈರಿಗೆ ಅಂದೆ, ಇದೇನೇ ಸರ್ವಕ್ಕ ರೇಷ್ಮೆ ಸೀರೆ, ಎಲ್ಗೆ ಒಂಟಿದ್ದೀಯ. ಮದುವೆಗೆ ಕಣೇ. ಯಾರ್ದು. ನಂದೇ. ಹೇಳಿಬಿಟ್ಟಳು, ಆಕಾಶವೇನೂ ಕಳಚಿ ಬೀಳಲಿಲ್ಲ, ಭೀಮಕ್ಕನ ಬಾಯಿ ತೆರೆದದ್ದು ತೆರೆದೇ ಇತ್ತು, ಆಮೇಲೆ ಅದೇ ಬಾಯಿ ನಗುವಾಯಿತು, ಅಂಗಾದ್ರೆ ಹುರುಳಿ ಮುಟ್ಬೇಡ ಬುಡು, ಸೀರೆ ಕೊಳೆ ಆಯ್ತದೆ, ನಾನ್ ತೆಗಿತೀನಿ. ಭಾವ ಪರ್ವತಯ್ಯ ಅಂಗಡಿ ಮೆಟ್ಟಿಲಲ್ಲಿ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು, ಅವಳನ್ನು ನೋಡಿದರು, ಸೀರೆ ನೋಡಿದರು, ಇಳಿದು ಬಂದು ಒಂದು ತೆಕ್ಕೆ ಬಳ್ಳಿ ಎತ್ತಿ ಚರಂಡಿಯ ಆಚೆ ಹಾಕಿದರು, ಇನ್ನೊಂದು ತೆಕ್ಕೆಗೆ ಬಗ್ಗಿದರು. ಯಾರೋ ಮುಂದೆ ನಿಂತು ಗಾಡಿಗಳನ್ನು ಬಿಡಿಸುತ್ತಿದ್ದಾರೆ, ಶಿರಾ ಕಡೆಯಿಂದ ಬಂದೋರಂತೆ, ಎಂದಳು ಭೀಮಕ್ಕ, ಮೊಪೆಡ್ ನಿಲ್ಸಿ, ಆ ಕೋಲು ನೋಡಿದ್ದೇ ನೋಡಿದ್ದು, ಇದು ಅವ್ರ ಹುರುಳಿ, ಅವ್ರು ಬರ್ತಾವ್ರೆ, ದಾರಿ ಮಾಡ್ಬೇಕು ಅಂತ ನಿಂತ್ಬುಟ್ರು ನೋಡು, ಕಾಲು ಗಂಟೆಯಿಂದ ಒಬ್ರೇ — ಕಾರು ಪಕ್ಕಕ್ಕೆ ಸರಿಯುತ್ತಿದೆ, ಲಾರಿ ಮಣ್ಣಿನಿಂದ ಏಳುತ್ತಿದೆ, ಹೊಗೆಯ ಆಚೆ ಹೊಸ ಬಿಳಿ ಅಂಗಿ, ಬೆನ್ನೆಲ್ಲ ಬೆವರು, ಮೇಲೆತ್ತಿದ ಕೈ, ಕೈಯಲ್ಲಿ ಅವಳ ಕೋಲು, ಕೋಲಿನ ತುದಿಯಲ್ಲಿ ಹಳದಿ ಟವೆಲ್ಲು, ಹನ್ನೊಂದಕ್ಕೆ ಇನ್ನೂ ಹತ್ತು ನಿಮಿಷವಿದೆ, ಶಿರಾಕ್ಕೆ ಹದಿನೈದು ಕಿಲೋಮೀಟರು, ಮೊಪೆಡ್ಡಿನ ಹಿಂದಿನ ಸೀಟು, ಅವಳಿಗೆ ಅದೊಂದೂ ತೋಚುತ್ತಿಲ್ಲ, ಬೇರೆ ಯಾವುದೂ ಕಾಣುತ್ತಿಲ್ಲ, ಹಳದಿ ಟವೆಲ್ಲು ಮೇಲೇಳುತ್ತದೆ, ಬನ್ನಿ ಎನ್ನುತ್ತದೆ, ಇಳಿಯುತ್ತದೆ, ಮತ್ತೆ ಏಳುತ್ತದೆ, ತುದಿಯಲ್ಲಿ ಕಂದು ಕಲೆ, ಬಿಸಿಲಿಗೆ ಹಿಡಿದ ಹಳದಿ ಟವೆಲ್ಲು