ಮೈಲಾರೆಪ್ಪನ ಹೊಲಕ್ಕ ದಾರಿ

ನಾನು ಇಸಾಕಸಾಬ, ಕರ್ಜಗಿಯೊಳಗ ಗೌಂಡಿ. ನಾ ಕಟ್ಟಿದ ಗ್ವಾಡಿ ಇವತ್ತಿಗೂ ಒಂದೂ ಸೊಟ್ಟ ಆಗಿಲ್ಲ. ಒಂದು ಕಾಲುದಾರಿ ಮಾಡಾಕ ಹೋಗಿ ನನ್ನ ಸೊಕ್ಕು ಮುರೀತು ನೋಡ್ರಿ.

ಗೆಳ್ಯಾ ಮೈಲಾರೆಪ್ಪಗ ಬ್ಯಾಸಗ್ಯಾಗ ಲಕ್ವಾ ಹೊಡದು ಎಡಗಾಲು ಸೋತಿತ್ತು. ಮಗ ಹೊಲದಾಗ ಮೆಣಸಿನಗಿಡ ಹಚ್ಚಿದ್ದ, ಇಂವ ಕಣ್ಣಾರೆ ನೋಡಿರಲಿಲ್ಲ. ಬೈಕ್ ಮ್ಯಾಲ ಕುಂದ್ರು ಅಂದ್ರ, "ನನ್ನ ಹೊಲಕ್ಕ ನಾ ನಡ್ಕೊಂಡ ಹೋಗಾಂವ. ಹೆಣ ಒಯ್ದಂಗ ಒಯ್ಯಬ್ಯಾಡ್ರಿ" ಅಂತಿದ್ದ. ಊಟಾನೂ ಸೇರವಲ್ದಾಗಿತ್ತು. ಅವನ ಹೇಣ್ತಿ ಸೋಮವ್ವ ನನ್ನ ಮುಂದ ಅತ್ತಾಗ, ಎದ್ದು ಅವರ ಹೊಲದ ದಾರಿ ನೋಡಾಕ ಹೋದೆ.

ಬದುವಿನ ಮ್ಯಾಲಿನ ದಾರಿ ಜಾಲಿಕಂಟಿ ಬೆಳದು ಮುಚ್ಚಿತ್ತು. ಸೋಮವಾರ ಬಸವಣ್ಣಗ ಸೂಟಿ, ನಮ್ಮ ಕಡೆ ಎತ್ತು ಹೂಡಂಗಿಲ್ಲ. ಅವತ್ತು ಕೈ ಖಾಲಿ ಇದ್ದವ್ರನ್ನೆಲ್ಲ ಕರದೆ. ಟ್ರ್ಯಾಕ್ಟರ್ ಯಲ್ಲೇಶ, ಖಾನಾವಳಿ ದ್ರಾಕ್ಷಾಯಿಣಿ, ಇನ್ನೂ ಎಂಟು ಮಂದಿ ಬಂದ್ರು.

"ಕೂಲಿ ಕೇಳಬ್ಯಾಡ್ರಿ, ಮಿರ್ಚಿ ಮಂಡಕ್ಕಿ ಕೇಳ್ರಿ" ಅಂದ್ಲು ದ್ರಾಕ್ಷಾಯಿಣಿ.

ಐದು ಸೋಮವಾರ ಕಂಟಿ ಕಡದ್ವಿ, ತಗ್ಗು ತುಂಬಿದ್ವಿ. ಎರಿ ಮಣ್ಣಾಗ ಕಾಲು ಹುಗೀಬಾರ್ದು ಅಂತ ಸಣ್ಣ ಕಲ್ಲಿನ ಗರಸು ಹಾಕಿ ಬಡದು ಗಟ್ಟಿ ಮಾಡಿದ್ವಿ. ಏನ್ ದಾರಿ ಅಂತೀರಿ! ನಾನಂತೂ ಮೀಸಿ ತಿರುವಿದ್ದ ತಿರುವಿದ್ದು.

ಆರನೇ ಸೋಮವಾರ ಮೈಲಾರೆಪ್ಪನ್ನ ಕರ್ಕೊಂಡು ಬಂದ್ವಿ. ದಾರಿ ಬಾಯಾಗ ನಿಂತು ಚಪ್ಪಲಿ ಕಳದ. ಹೊಲದ ಕಡೆ ಅಂವ ಜನ್ಮದಾಗ ಚಪ್ಪಲಿ ಮೆಟ್ಟಿದಾಂವಲ್ಲ. ನಾಲ್ಕು ಹೆಜ್ಜಿ ಇಟ್ಟ. ಗರಸಿನ ಹಳ್ಳು ಚುಚ್ಚಿ ಎಡಗಾಲು ಹೊಯ್ದಾಡಿತು.

"ಚಪ್ಪಲಿ ಹಾಕ್ಕೋಲೇ, ಹಟಮಾರಿ!" ಅಂದೆ.

"ಭೂಮಿತಾಯಿ ಎದಿ ಮ್ಯಾಲ ಚಪ್ಪಲಿ ಮೆಟ್ಟಿ ನಡಿ ಅಂತೀಯೇನ್ಲೇ?" ಅಂದಾಂವನ ಹೊಳ್ಳಿ ಮನಿಗೆ ಹೋದ.

ನನಗ ಸಿಟ್ಟು ನೆತ್ತಿಗೇರಿತು, ಆದ್ರ ಅವನ ಮ್ಯಾಲಲ್ಲ. ಐವತ್ತು ವರ್ಷ ಅವನ ಬಾಜೂಕ ನಡದೇನಿ, ಅವನ ಬರಿಗಾಲು ನನಗ ನೆನಪಾಗಲಿಲ್ಲಲ್ಲ! ನಾವೆಲ್ಲ ನಮ್ಮ ನಮ್ಮ ಚಪ್ಪಲಿಗೆ ದಾರಿ ಮಾಡಿದ್ವಿ.

ಮರುಸೋಮವಾರ ಎಲ್ಲಾರ ಚಪ್ಪಲಿ ಬಿಡಿಸಿದೆ. ಗರಸಿನ ಮ್ಯಾಲ ಸಾಣಿಸಿದ ಕೆಂಪುಮಣ್ಣು ಹರವಿ, ನೀರು ಚಿಮುಕಿಸಿ, ಹನ್ನೊಂದು ಮಂದಿ ಬರಿಗಾಲಿಲೆ ತುಳದ್ವಿ. ಚುಚ್ಚಿದಲ್ಲಿ ನಿಂತು ಹಳ್ಳು ಆರಿಸಿ ಒಗದ್ವಿ. "ಅಯ್ಯಯ್ಯ, ಸತ್ನೆಪ್ಪೋ!" ಅಂತ ಯಲ್ಲೇಶ ಒಂಟಿಗಾಲಿಲೆ ಕುಣದಾಗ ದ್ರಾಕ್ಷಾಯಿಣಿ ನಕ್ಕು ನಕ್ಕು ಬದುವಿನ ಮ್ಯಾಲ ಕುಂತಬಿಟ್ಲು.

ಸಂಜೀಕ ಮೈಲಾರೆಪ್ಪನ ಮನಿಗೆ ಹೋಗಿ, "ತಪ್ಪಾತೋ ದೋಸ್ತಾ, ಒಮ್ಮೆ ಬಾ" ಅಂದೆ. ಅಂವ ನನ್ನ ಕೈ ಹಿಡ್ಕೊಂಡು ಎದ್ದ.

ನಿಂತು ನಿಂತು ನಡದ್ವಿ. ಸೋಮವ್ವ ಹಿಂದಿದ್ಲು. ಎಡಗಾಲು ಎಳೀತಿತ್ತು, ಆದ್ರ ಎಲ್ಲೂ ಹೊಯ್ದಾಡಲಿಲ್ಲ. ಹೊಲದ ಅಂಚಿಗೆ ಬಂದಾಗ ಅಂವ ಅಂದ:

"ಇಸಾಕಾ, ಕೈ ಬಿಡು. ಇಲ್ಲಿಂದ ನನಗ ಗೊತ್ತೈತಿ."

ಬಿಟ್ಟೆ. ಮೆಣಸಿನಗಿಡದ ಸಾಲಿನಾಗ ಒಬ್ಬನ ಹೊಂಟ. ನನ್ನ ಕಣ್ಣಾಗ ದಳದಳ ನೀರು ಬಂತು, ಸೋಮವ್ವ ನೋಡಿದ್ರೂ ಒರಸ್ಕೊಳ್ಳಲಿಲ್ಲ.