ಟಣ್ ಅಂದರೆ ಗಟ್ಟಿ

ನಿಜಾಮರ ಹದಿನಾರು ಜಿಲ್ಲೆಗಳಲ್ಲಿ ಅಮೃತಪ್ಪನಂಥ ವಿಮಾನ ಚಾಲಕ ಹುಟ್ಟಿಲ್ಲ, ಹುಟ್ಟುವುದೂ ಇಲ್ಲ. ಸೇಡಂ ಮೇಲೆ ಅವನು ಹಾರಿದರೆ ಹದ್ದುಗಳು ಬದಿಗೆ ಸರಿದು ಸಲಾಮು ಹೊಡೆಯುತ್ತಿದ್ದವು. ಮಳಖೇಡದ ಹಾಳು ಕೋಟೆಯ ಮೇಲೆ ಒಮ್ಮೆ ಎಷ್ಟು ಕೆಳಗೆ ಬಂದನೆಂದರೆ, ಬುರುಜಿನ ಮೇಲೆ ಯಾರೋ ಒಣಹಾಕಿದ್ದ ಧೋತರ ರೆಕ್ಕೆಗೆ ಸಿಕ್ಕು ಹೈದರಾಬಾದು ಮುಟ್ಟಿತು. ಇಂಥವನು ಅಂಜುತ್ತಿದ್ದದ್ದು ಭೂಮಿಯ ಮೇಲಿನ ಒಂದೇ ಜಾಗಕ್ಕೆ: ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ಹಳೆಯ ಗಣಿ. ಅವನ ಅಪ್ಪ ಭೀಮಶಾ ಅಲ್ಲೇ ಕಲ್ಲು ತೆಗೆಯುತ್ತಿದ್ದ, ಅಲ್ಲೇ ಚಪ್ಪಡಿಯ ಕೆಳಗೆ ಸಿಕ್ಕು ಸತ್ತ. ಅಂದಿನಿಂದ ಅಮೃತಪ್ಪ ಆ ದಿಕ್ಕಿಗೆ ತಲೆಯಿಟ್ಟು ಮಲಗಿದವನಲ್ಲ. ಊರು ಬಿಟ್ಟು ಒಬ್ಬ ಜಾಗೀರದಾರರ ಮೋಟಾರು ನಡೆಸಿದ, ಅವರು ವಿಮಾನ ಕೊಂಡಾಗ ಬೇಗಂಪೇಟೆಯಲ್ಲಿ ಹಾರುವುದನ್ನೂ ಕಲಿತ.

ವಿಮಾನ ಕೆಟ್ಟದ್ದು ಸರಿಯಾಗಿ ಆ ಗಣಿಯ ನೆತ್ತಿಯ ಮೇಲೆ.

ಜಾಗೀರದಾರರ ಮಗಳ ನಿಕಾಹಕ್ಕೆ ಹೈದರಾಬಾದಿನಿಂದ ಗುಲ್ಬರ್ಗಕ್ಕೆ ಅತ್ತರು ಹೊರಟಿತ್ತು. ಹಿಂದಿನ ಸೀಟಿನಲ್ಲಿ ಜಾಗೀರದಾರರ ಲೆಕ್ಕ ಬರೆಯುವ ಮುನ್ಶಿ ಅಬ್ದುಲ್ ಕರೀಮ್ ಸಾಹೇಬರು, ಅವರ ತೊಡೆಯ ಮೇಲೆ ಅತ್ತರಿನ ಪೆಟ್ಟಿಗೆ. ವಾಡಿ ದಾಟುವಷ್ಟರಲ್ಲಿ ಅದರ ಘಮಕ್ಕೆ ಕೆಳಗಿನ ಎಮ್ಮೆಗಳೆಲ್ಲ ಮೇಯುವುದು ಬಿಟ್ಟು ಆಕಾಶ ನೋಡತೊಡಗಿದ್ದವು. ಇಳಿಹೊತ್ತಿನ ಅಸರ್ ನಮಾಜಿನೊಳಗೆ ಮುಟ್ಟದಿದ್ದರೆ ಇಬ್ಬರ ನೌಕರಿಯೂ ಹೋಯಿತೆಂದು ಹುಜೂರರ ಹುಕುಂ. ಅಷ್ಟರಲ್ಲಿ ಇಂಜಿನ್ನು ಕೆಮ್ಮಿತು, ಗೊರಗೊರ ಅಂದಿತು, ಉಸಿರು ಬಿಟ್ಟಿತು. ಸುತ್ತ ಹರದಾರಿಗಟ್ಟಲೆ ಎದೆಯುದ್ದದ ಜೋಳ. ಬರಿದಾಗಿ, ಹಾಸಿಟ್ಟ ಹಾಗೆ ಇದ್ದದ್ದು ಗಣಿಯ ಪಕ್ಕದ ಬಂಡೆಯೊಂದೇ. ಅಮೃತಪ್ಪ ಹಲ್ಲು ಕಚ್ಚಿ ಇಳಿಸಿದ. ಗಾಲಿಗಳಿಂದ ಕಲ್ಲಿನ ಚೂರು ಸಿಡಿದು ವಿಮಾನದ ಮೂತಿಗೆ ಪಟಪಟನೆ ಬಡಿದವು.

ರೋಗ ಸಣ್ಣದು. ಪೆಟ್ರೋಲು ಸೋಸುವ ಜಾಳಿಗೆಯಲ್ಲಿ ಕಸ ಕೂತಿತ್ತು. ಬಿಚ್ಚಿ, ಊದಿ, ಒರೆಸಿ, ಮತ್ತೆ ಕೂರಿಸಿದ. ಮುನ್ಶಿ ಸಾಹೇಬರು ಎಲೆಗೆ ಸುಣ್ಣ ಸವರಿ ಬಾಯಿಗಿಡುವಷ್ಟರಲ್ಲಿ ಕೆಲಸ ಮುಗಿದಿತ್ತು. ಮಟಮಟ ಮಧ್ಯಾಹ್ನ, ಮನುಷ್ಯನ ನೆರಳು ಅಂಜಿ ಅವನ ಕಾಲ ಕೆಳಗೇ ಅಡಗುವ ಹೊತ್ತು.

ಆಗ ಗಣಿಯೊಳಗಿಂದ ಕೇಳಿಸಿತು. ಟಣ್. ಟಣ್. ತುಸು ತಡೆದು, ದಪ್.

ಅಮೃತಪ್ಪನ ಕೈಯಿಂದ ನಟ್ಟು ಬಿಗಿಯುವ ಪಾನಾ ಜಾರಿತು. ಆ ಬಡಿತ ಅಪ್ಪನ ಕೈಯದು. ಚಪ್ಪಡಿ ಎಬ್ಬಿಸುವ ಮುನ್ನ ಭೀಮಶಾ ಸುತ್ತಿಗೆಯಿಂದ ಬಡಿದು ಕಿವಿಯಿಟ್ಟು ಕೇಳುತ್ತಿದ್ದ. ಟಣ್ ಅಂದರೆ ಗಟ್ಟಿ. ದಪ್ ಅಂದರೆ ಒಳಗೆ ಬಿರುಕು. ಸಂಜೆ ಮನೆಗೆ ಬಂದು ಮಗನ ಬೆನ್ನಿಗೂ ಬೆರಳ ಗೆಣ್ಣಿನಿಂದ ಎರಡು ಬಡಿದು, ಕಿವಿ ಹಚ್ಚಿ, “ಗಟ್ಟಿ ಅದ” ಎಂದು ನಗುತ್ತಿದ್ದ.

“ಮುನ್ಶಿ ಸಾಬ್, ಯಾರೋ ಕಲ್ಲು ಬಡಿಲಿಕತ್ತಾರ, ಕೇಳ್ರಿ.”

“ಇವತ್ತ ಅಮಾಸಿ. ನಿಮ್ಮ ಮಂದಿ ಅಮಾಸಿ ದಿನ ಸುತ್ತಿಗಿ ಮುಟ್ಟತಾರೇನು? ನಿನ್ನ ಕಿವ್ಯಾಗ ಇಂಜಿನ್ನೇ ಕುಂತದ. ನಡಿ, ಹೊತ್ತಾಗ್ಲಿಕತ್ತದ.”

ಅಮೃತಪ್ಪ ಗಣಿಯ ಅಂಚಿಗೆ ಹೋಗಿ ಇಣುಕಿದ. ಪಾಚಿಗಟ್ಟಿದ ನೀರು, ಮುರಿದ ಚಪ್ಪಡಿಗಳು. ನರಪಿಳ್ಳೆ ಇರಲಿಲ್ಲ. ಸದ್ದು ಈಗ ಅವನ ಬೆನ್ನ ಹಿಂದೆ, ವಿಮಾನದ ಹತ್ತಿರ ಏಳುತ್ತಿತ್ತು. ತಿರುಗಿ ನೋಡಿದರೆ ಮುನ್ಶಿ ಸಾಹೇಬರು ರೆಕ್ಕೆಯ ಕೆಳಗೆ ಪೆಟ್ಟಿಗೆ ತಬ್ಬಿಕೊಂಡು ಎಲೆ ಜಗಿಯುತ್ತಿದ್ದಾರೆ, ಅಷ್ಟೇ.

ಅವನು ವಾಪಸು ಬಂದು, ಪಾನಾ ಎತ್ತಿಕೊಂಡು, ಅಪ್ಪನ ಹಾಗೆಯೇ ಬಡಿಯುತ್ತ ನಡೆದ. ರೆಕ್ಕೆಯ ಕಂಬಗಳು ಗಟ್ಟಿಯಾಗಿ ನುಡಿದವು. ಮೂತಿಯ ಮೇಲಿನ ಕಟ್ಟಿಗೆಯ ಪಂಖಾದ ಒಂದು ಎಸಳೂ ನುಡಿಯಿತು. ಇನ್ನೊಂದು ಎಸಳು ದಪ್ ಅಂದಿತು. ಕಣ್ಣಿಟ್ಟು ನೋಡಿದ, ಬೆರಳಾಡಿಸಿದ. ಬಣ್ಣದ ಮೇಲೆ ಒಂದು ಗೀರು ಬಿಟ್ಟರೆ ಏನೂ ಇರಲಿಲ್ಲ.

“ಹಾರೂದಿಲ್ರಿ,” ಎಂದ.

ಮುನ್ಶಿ ಸಾಹೇಬರು ತಾವೂ ಎದ್ದು ಬಂದು ಬಡಿದು ನೋಡಿದರು. ಅವರಿಗೆ ಎರಡೂ ಒಂದೇ. “ಮ್ಯಾಲಿದ್ದಾಗ ಹುಲಿ, ನೆಲಕ್ಕ ಬಂದ ಕೂಡ್ಲೆ ನರಿ. ಹುಜೂರ್‌ಗ ಏನಂತ ಹೇಳ್ಲಿ? ದೆವ್ವ ಬ್ಯಾಡಂತು ಅಂತೇನು?”

“ನಮ್ಮಪ್ಪ ಬ್ಯಾಡಂದ ಅಂತ ಹೇಳ್ರಿ.”

ಮುನ್ಶಿ ಸಾಹೇಬರು ಪೆಟ್ಟಿಗೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. ನೆಲದ ಮೇಲೇ ಪರೀಕ್ಷೆ ಮಾಡಿಬಿಡಲು ಅಮೃತಪ್ಪ ಗಾಲಿಗಳಿಗೆ ಕಲ್ಲು ಕೊಟ್ಟ, ಬಾಲವನ್ನು ಬಂಡೆಗೆ ಬಿಗಿದ, ಅವರನ್ನು ದೂರ ಕಳಿಸಿದ. ಪಂಖಾ ತಿರುವಿ, ಪಕ್ಕದಲ್ಲಿ ನಿಂತೇ ಕೈಚಾಚಿ ಇಂಜಿನ್ನನ್ನು ಹಾರುವ ವೇಗಕ್ಕೆ ಏರಿಸಿದ. ಎಸಳು ಬುಡದಲ್ಲೇ ಸೀಳಿ ಹಾರಿತು. ಅದು ವಾಡಿ ಜಂಕ್ಷನ್ನಿನಲ್ಲಿ ಗಾರ್ಡಿನ ಟೋಪಿ ಕೆಡವಿತೆಂಬುದು ಹಸಿ ಸುಳ್ಳು. ಕೆಡವಿದ್ದು ಸ್ಟೇಷನ್ ಮಾಸ್ತರನ ಟೋಪಿಯನ್ನು.

ಇಂಜಿನ್ನು ನಿಂತಿತು. ಮುನ್ಶಿ ಸಾಹೇಬರ ಕೈಯ ಪೆಟ್ಟಿಗೆ ಬಂಡೆಗೆ ಬಿದ್ದು ಒಡೆದಿತ್ತು. ಇಡೀ ಗಣಿ ಮದುವೆಮನೆಯಂತೆ ಘಮಘಮಿಸುತ್ತಿತ್ತು. ಅವರು ಅತ್ತರಿನ ಕಡೆ ನೋಡಲೂ ಇಲ್ಲ. “ನೌಕರಿ ಹೋದ್ರ ಹೋಗ್ಲಿ, ಜೀವ ಉಳೀತಲ್ಲ,” ಎಂದು ಮೆಲ್ಲಗೆ ಹೇಳಿ, ಬಂಡಿ ತರಲು ಶಹಾಬಾದಿನ ದಾರಿ ಹಿಡಿದರು. ಒಮ್ಮೆಯೂ ತಿರುಗಿ ನೋಡಲಿಲ್ಲ.

ಅಮೃತಪ್ಪ ಒಬ್ಬನೇ ಉಳಿದ. ಗಾಳಿಯಿಲ್ಲ, ಹಕ್ಕಿಯಿಲ್ಲ, ಸುತ್ತಿಗೆಯೂ ಇಲ್ಲ.

ಆಗ ಅವನ ಬೆನ್ನಿಗೆ ಬೆರಳ ಗೆಣ್ಣಿನಿಂದ ಯಾರೋ ಬಡಿದರು. ಒಮ್ಮೆ. ಇನ್ನೊಮ್ಮೆ.

ಹದ್ದುಗಳಿಂದ ಸಲಾಮು ಹೊಡೆಸಿಕೊಂಡ ಆ ಧೀರ ಎರಡೂ ಕಿವಿಗಳನ್ನು ಗಟ್ಟಿಯಾಗಿ ಮುಚ್ಚಿಕೊಂಡ. ತನ್ನೊಳಗಿನಿಂದ ಟಣ್ ಬಂತೋ ದಪ್ ಬಂತೋ ಅವನಿಗೆ ಬೇಡವಾಗಿತ್ತು. ಆದರೆ ಬಡಿದವರಿಗೆ ಬೇಕಾಗಿತ್ತು. ಅಂಗಿಯ ಮೇಲೆ, ಎರಡು ಭುಜಗಳ ನಡುವೆ, ಗಣಿಯ ತಳದ ಕಲ್ಲಿನಷ್ಟು ತಣ್ಣಗಿನ ಒಂದು ಕಿವಿ ಬಂದು ತಾಗಿತು.